ಯಾದಿಗೆ ಸೇರದ ಒಂದು

ಮೊನ್ನೆ ಬೆಳಿಗ್ಗೆ ನಮ್ಮ ಓಣಿಯ ಗಟಾರಿನ ಗುಂಟ ಬ್ಲೀಚಿಂಗ್ ಪುಡಿ ಎರಚಿ ಹೋದರು. ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಕಿಟಕಿಯಿಂದ ಆ ಘಾಟು ಒಳಗೆ ಬಂತು, ನನ್ನ ಕೈ ನಿಂತುಹೋಯಿತು. ಹಂಚಿನ ಮೇಲಿದ್ದ ರೊಟ್ಟಿ ಸೀದು ಹೊಗೆಯಾಡುವವರೆಗೂ ನನಗೆ ಎಚ್ಚರವಿರಲಿಲ್ಲ. ಗಂಡ ಬಂದು ಒಲೆ ಆರಿಸಿ, "ಏನಾತು?" ಎಂದರು. "ಏನಿಲ್ಲ, ಕಿಟಕಿ ಮುಚ್ಚರಿ" ಎಂದೆ. ಅವರು ಹೋಗಿ ಮುಚ್ಚಿದರು.

ಬೇರೆಯವರಿಗೆ ಅದು ಸ್ವಚ್ಛವಾದದ್ದರ ವಾಸನೆ. ನನಗೆ ಮಾತ್ರ ಅಂಜಿಕೆಯ ವಾಸನೆ. ಅದು ಮೂಗಿಗೆ ಬಡಿದರೆ ಸಾಕು, ನಮ್ಮ ಅಕ್ಕೋರು ಕಣ್ಣೆದುರಿಗೆ ಬಂದು ನಿಲ್ಲುತ್ತಾರೆ. ಸೀರೆಯ ನೆರಿಗೆಯೆಲ್ಲ ತೊಯ್ದು, ಕೈಯಲ್ಲಿ ಯಾರದೋ ಖಾಲಿ ಕೊಡ ಹಿಡಿದು, ಉಸಿರು ಸಿಗದೆ ಒದ್ದಾಡುತ್ತ...

ನಮ್ಮ ಕಡೆ ಸಾಲಿಯಲ್ಲಿ ಪಾಠ ಹೇಳುವ ಹೆಣ್ಣುಮಕ್ಕಳಿಗೆ ಅಕ್ಕೋರು ಅನ್ನುವುದು ರೂಢಿ. ಇವರು ಕುಷ್ಟಗಿಯ ಒಂದು ಖಾಸಗಿ ಸಾಲಿಯಲ್ಲಿ ಬಹಳ ವರ್ಷ ಕಂಪ್ಯೂಟರ್ ಕಲಿಸಿ, ಆಮೇಲೆ ಕೊಪ್ಪಳಕ್ಕೆ ಬಂದು ನಮ್ಮ ಆಫೀಸು ಸೇರಿದ್ದರು. ಸಾಲಿ ಬಿಟ್ಟರೂ ಆ ಹೆಸರು ಅವರನ್ನು ಬಿಡಲಿಲ್ಲ. ಮಾಲೀಕರೂ ಅಕ್ಕೋರು ಅನ್ನುತ್ತಿದ್ದರು, ಚಹಾ ತರುವವನೂ ಅಕ್ಕೋರು ಅನ್ನುತ್ತಿದ್ದ. ನಾನಂತೂ ಅವರ ಕೈಕೆಳಗೆ ಹೊಸದಾಗಿ ಕೆಲಸಕ್ಕೆ ಸೇರಿದವಳು, ಹೆಸರು ಹಿಡಿದು ಕರೆಯುವ ಮಾತೇ ಇರಲಿಲ್ಲ.

ನಮ್ಮ ಆಫೀಸಿನ ಮಾಲೀಕರದು ಮೊದಲಿನಿಂದ ಪಂಪ್‌ಸೆಟ್ಟು, ಪೈಪಿನ ವ್ಯಾಪಾರದ ಮನೆತನ. ಎಲ್ಲರೂ ಸಾವ್ಕಾರರು ಅನ್ನುತ್ತಿದ್ದರು. ಅವರು ಹೊಸ ಕಾಲಕ್ಕೆ ತಕ್ಕ ಹಾಗೆ ಒಂದು ಹೊಸ ಕೆಲಸ ಹಿಡಿದಿದ್ದರು. ಹಳ್ಳಿಗಳ ನೀರಿನ ಟಾಕಿಗೆ ಕೂಡಿಸುವ ಒಂದು ಪೆಟ್ಟಿಗೆ. ಟಾಕಿಗೆ ಎಷ್ಟು ನೀರು ಏರುತ್ತದೋ ನೋಡಿಕೊಂಡು, ಅದಕ್ಕೆ ತಕ್ಕಷ್ಟೇ ಕ್ಲೋರಿನ್ ದ್ರಾವಣವನ್ನು ಹನಿಹನಿಯಾಗಿ ಬಿಡುವುದು ಆ ಪೆಟ್ಟಿಗೆಯ ಕೆಲಸ. ಒಳಗೆ ಒಂದು ಸಣ್ಣ ಕಂಪ್ಯೂಟರು, ಅದಕ್ಕೆ ನಾವು ಬರೆದ ಸಾಫ್ಟ್‌ವೇರು. ಆಗಾಗ ಅದನ್ನು ಬದಲಿಸಬೇಕಾಗುತ್ತಿತ್ತು. ಹಳ್ಳಿಗಳಲ್ಲಿ ಇಂಟರ್‌ನೆಟ್ಟನ್ನು ನೆಚ್ಚಿಕೊಂಡು ಕೂಡುವಂತಿರಲಿಲ್ಲವಾದ್ದರಿಂದ, ಬದಲಾದ ಫೈಲುಗಳನ್ನೆಲ್ಲ ಒಂದು ಪ್ಯಾಕೇಜು ಮಾಡಿ, ಪೆನ್‌ಡ್ರೈವಿಗೆ ಹಾಕಿ, ಮೆಕ್ಯಾನಿಕ್ಕಿನ ಕೈಯಲ್ಲಿ ಕಳಿಸುತ್ತಿದ್ದೆವು.

ಪ್ಯಾಕೇಜಿನ ಜೊತೆ ಒಂದು ಯಾದಿ ಇರುತ್ತಿತ್ತು. ಒಳಗೆ ಯಾವ ಯಾವ ಫೈಲು ಇವೆ ಎಂಬುದರ ಯಾದಿ. ಪೆನ್‌ಡ್ರೈವು ಆಫೀಸಿನ ಹೊಸ್ತಿಲು ದಾಟುವ ಮೊದಲು ಯಾದಿಯಲ್ಲಿದ್ದದ್ದಕ್ಕೂ ಒಳಗಿದ್ದದ್ದಕ್ಕೂ ತಾಳೆ ನೋಡುವುದು ಅಕ್ಕೋರ ಕೆಲಸ. ನಾನು ಯಾದಿ ಹಿಡಿದು ಒಂದೊಂದೇ ಹೆಸರು ಓದಬೇಕು, ಅವರು ತಮ್ಮ ಪರದೆಯ ಮೇಲೆ ಅದನ್ನು ಹುಡುಕಿ "ಐತಿ" ಅನ್ನಬೇಕು. ಅವರು "ಐತಿ" ಅನ್ನುವವರೆಗೂ ಮುಂದಿನ ಹೆಸರಿಗೆ ಹೋಗುವಂತಿಲ್ಲ. ಅದೂ ಕೆಳಗಿನಿಂದ ಮೇಲಕ್ಕೆ ಓದಬೇಕು. ಮೇಲಿನಿಂದ ಓದಿದರೆ ಕೊನೆಕೊನೆಗೆ ಕಣ್ಣು ಜಾರುತ್ತವಂತೆ. ನನ್ನ ದನಿ ಸ್ವಲ್ಪ ಸೋತರೂ ಅವರ ಪೆನ್ನು ಮೇಜಿನ ಮೇಲೆ ಟಕ್ ಅಂತಿತ್ತು. ನಾನು ಬೆನ್ನು ನೆಟ್ಟಗೆ ಮಾಡಿ ಕೂಡುತ್ತಿದ್ದೆ.

ನನಗೆ ಅವರೆಂದರೆ ಅಂಜಿಕೆ. ಆದರೆ ಅವರೇ ನಮಗೆಲ್ಲರಿಗಿಂತ ಹೆಚ್ಚು ಅಂಜುವವರು ಎಂಬುದು ತಿಳಿಯಲು ನನಗೆ ಬಹಳ ದಿನ ಬೇಕಾಗಲಿಲ್ಲ. ಬೀಗ ಹಾಕಿದ ಮೇಲೆ ನಾಕು ಸಲ ಜಗ್ಗಿ ನೋಡುವರು. ಮೆಕ್ಯಾನಿಕ್ಕು ಹೊರಟ ಮೇಲೆ ಫೋನು ಮಾಡಿ, ಪೆನ್‌ಡ್ರೈವು ಕಿಸೆಯಲ್ಲಿದೆಯೋ ಇಲ್ಲವೋ ಮುಟ್ಟಿ ನೋಡಿಕೋ ಅನ್ನುವರು. ಹಿಂದಿನಿಂದ ಹುಡುಗರು "ಅಂಜಬುರಕ ಅಕ್ಕೋರು" ಎಂದು ನಗುತ್ತಿದ್ದರು, ನಾನೂ ಬಾಯಿಗೆ ಸೆರಗು ಹಿಡಿದು ನಕ್ಕಿದ್ದುಂಟು.

ಒಂದು ದಿನ ಧೈರ್ಯ ಮಾಡಿ ಕೇಳಿದೆ, ಯಾದಿಯಲ್ಲಿದ್ದದ್ದೆಲ್ಲ ಸಿಕ್ಕ ಮೇಲೆ ಮತ್ತೇನು ನೋಡುವುದು ಎಂದು. ಅವರು ಕನ್ನಡಕ ತೆಗೆದು ಸೀರೆಯ ತುದಿಯಿಂದ ಒರೆಸುತ್ತ ಹೇಳಿದರು: "ತಂಗಿ, ಕಿರಾಣಿ ಅಂಗಡ್ಯಾಗಿಂದ ಚೀಲ ತಂದಿ ಅನ್ನು. ಚೀಟ್ಯಾಗ ಬರದದ್ದು ಕಡಿಮಿ ಬಂದ್ರ ಬೈಕೋತ ಮತ್ತ ಹೋಗಿ ತರಬಹುದು. ಚೀಟ್ಯಾಗ ಇಲ್ಲದ್ದು ಒಂದು ಪುಡಿಕಿ ಹೆಚ್ಚಿಗಿ ಬಂದ್ರ? ಇಲಿ ಪಾಷಾಣ ಇದ್ರ? ಏನಂತ ನೋಡ್ದ ಅಡಿಗಿಗೆ ಹಾಕ್ತಿಯೇನು?"

ಅಂದಿನಿಂದ ನನಗೆ ಕಡಿಮೆ ಬಂದದ್ದಕ್ಕಿಂತ ಹೆಚ್ಚಿಗೆ ಬಂದದ್ದರ ಮೇಲೆಯೇ ಭಯ ಹುಟ್ಟಿತು. ಅದು ಈಗಲೂ ಹೋಗಿಲ್ಲ. ಸಂತೆಯಿಂದ ಬಂದ ಮೇಲೆ ಚೀಲ ತಿರುವಿ ನೋಡದೆ ಒಳಗೆ ಇಡುವುದಿಲ್ಲ.

ಆದರೆ ನಮ್ಮ ಪ್ಯಾಕೇಜುಗಳಲ್ಲಿ ಪ್ರತಿ ಸಲವೂ ಒಂದು ಫೈಲು ಹೆಚ್ಚಿಗೆ ಬರುತ್ತಿತ್ತು. ಅದಕ್ಕೆ ಕಾರಣ ಸಾವ್ಕಾರರು. ಅವರ ಮನೆತನದಲ್ಲಿ ಯಾವ ಲೆಕ್ಕವೇ ಇರಲಿ, ಯಾವ ಪಟ್ಟಿಯೇ ಇರಲಿ, ಮೇಲೆ ಶ್ರೀ ಬರೆಯದೆ ಮೊದಲು ಮಾಡುತ್ತಿರಲಿಲ್ಲ. ಕಂಪ್ಯೂಟರಿಗೂ ಅವರು ಅದೇ ನೇಮ ತಂದಿದ್ದರು. ಕೆಳಗೆ ನಮ್ಮ ಆಫೀಸು, ಮೇಲೆ ಅವರ ಮನೆ. ಹೊಸ ಪ್ಯಾಕೇಜು ಮಾಡುವ ದಿನ ಬೆಳಿಗ್ಗೆ ಸ್ನಾನ, ಪೂಜೆ ಮುಗಿಸಿ, ಹಣೆಗೆ ಕುಂಕುಮ ಹಚ್ಚಿಕೊಂಡು, ಒದ್ದೆ ಕೂದಲಲ್ಲೇ ಇಳಿದು ಬಂದು, ತಮ್ಮ ಕೈಯಿಂದ ಒಂದು ಹೊಸ ಫೋಲ್ಡರು ತೆರೆದು, ಅದರಲ್ಲಿ ಶ್ರೀ ಎಂಬ ಹೆಸರಿನ ಖಾಲಿ ಫೈಲೊಂದನ್ನು ಇಟ್ಟು, ಕೈಮುಗಿದು ಹೋಗುವರು. ಆಮೇಲೆಯೇ ಉಳಿದ ಫೈಲುಗಳು ಅದರೊಳಗೆ ಬೀಳಬೇಕು.

ಆ ಶ್ರೀ ಮಾತ್ರ ಯಾದಿಯಲ್ಲಿ ಇರುತ್ತಿರಲಿಲ್ಲ. ಹೀಗಾಗಿ ನಾವು ಓದಿ ಮುಗಿಸಿದ ಮೇಲೆ ಕಂಪ್ಯೂಟರು ಲೆಕ್ಕ ಹಾಕಿ ಕೊನೆಗೆ ತೋರಿಸುತ್ತಿದ್ದದ್ದು ಒಂದೇ ಮಾತು. ಕಡಿಮೆ: ಇಲ್ಲ. ಹೆಚ್ಚು: ಒಂದು. ಆ ಒಂದು ಯಾವುದು ಎಂದು ತಿಳಿಯಬೇಕಾದರೆ ಬೇರೆ ತೆರೆದು ನೋಡಬೇಕು. ಅಕ್ಕೋರಿಗೆ ಇದು ಸೇರುತ್ತಿರಲಿಲ್ಲ. ಶ್ರೀಯನ್ನೂ ಯಾದಿಗೆ ಸೇರಿಸೋಣ ಎಂದು ಸಾವ್ಕಾರರ ಹತ್ತಿರ ಎಷ್ಟೋ ಸಲ ಜಗಳ ಕಾಯ್ದರು. ಅವರು ನಗುತ್ತ, "ಶ್ರೀ ಲೆಕ್ಕಕ್ಕಿಂತ ಮೊದಲ ಬರೂದ್ರಿ ಅಕ್ಕೋರ, ಲೆಕ್ಕದೊಳಗ ಬರೂದಲ್ಲ" ಅನ್ನುತ್ತಿದ್ದರು. ಉಪ್ಪು ತಿಂದ ಮನೆ, ದೇವರ ಮಾತು, ಅಕ್ಕೋರು ಎಷ್ಟು ಅಂತ ಹೇಳಿಯಾರು.

ಮೊದಮೊದಲು ಅವರು ಪ್ರತಿ ಸಲವೂ ತೆರೆದು, ಅದು ಶ್ರೀಯೇ ಹೌದೋ ಅಲ್ಲವೋ ನೋಡುತ್ತಿದ್ದರು. ಹೌದು, ಶ್ರೀಯೇ. ಮುಂದಿನ ಸಲವೂ ಶ್ರೀಯೇ. ಅದರ ಮುಂದಿನ ಸಲವೂ. ಹೀಗೇ ವರ್ಷಗಳು ಕಳೆದವು. ಹೆಚ್ಚು ಒಂದು ಎಂದು ಬಂದರೆ "ಅದು ದೇವರದು" ಎಂದು ಅಕ್ಕೋರೂ ಸಣ್ಣಗೆ ನಕ್ಕು ಸಹಿ ಹಾಕತೊಡಗಿದರು. ನೂರು ಕಡೆ ಅಂಜುವ ಅವರು ಅದೊಂದು ಕಡೆ ಅಂಜುವುದನ್ನು ಬಿಟ್ಟಿದ್ದರು.

ಅದು ಬೇಸಿಗೆ. ಸಾವ್ಕಾರರ ದೊಡ್ಡಪ್ಪ ತೀರಿಕೊಂಡಿದ್ದರು. ಮೇಲಿನ ಮನೆಯಲ್ಲಿ ಸೂತಕ, ಜನ ಬರುವುದು ಹೋಗುವುದು ನಡೆದೇ ಇತ್ತು. ಕೆಳಗೆ ನಮ್ಮ ಕೆಲಸ ನಿಲ್ಲುವಂತಿರಲಿಲ್ಲ. ಬಿಸಿಲಿಗೆ ನೀರು ಬಿಡುವ ಹೊತ್ತು ಬದಲಾಗಿದ್ದರಿಂದ ಒಂದು ಊರಿನ ಪೆಟ್ಟಿಗೆಗೆ ತುರ್ತಾಗಿ ಹೊಸ ಪ್ಯಾಕೇಜು ಹೋಗಬೇಕಿತ್ತು. ಅದು ನಮ್ಮೂರೇ. ಇರಕಲ್ಲಗಡ ದಾಟಿ ಒಳಗೆ ಹೋದರೆ ಸಿಗುವ ಸಣ್ಣ ಊರು, ನನ್ನ ತವರು. ನಮ್ಮ ಅಕ್ಕ ಅಲ್ಲಿ ಬಾಣಂತನಕ್ಕೆ ಬಂದಿದ್ದಳು, ಕೂಸು ಇನ್ನೂ ಕುತ್ತಿಗೆ ನಿಲ್ಲದ ಎಳೆಯದು. ಓದುವಾಗ ಊರಿನ ಹೆಸರು ಬಂದಾಗ ನನಗೆ ಒಳಗೊಳಗೇ ಹೆಮ್ಮೆ ಎನಿಸಿತ್ತು.

ಯಾದಿ ಓದಿದೆ. ಅವರು ಐತಿ, ಐತಿ ಅಂದರು. ಕಡಿಮೆ: ಇಲ್ಲ. ಹೆಚ್ಚು: ಒಂದು. ಅಕ್ಕೋರು ಸಹಿ ಹಾಕಿದರು. ಮೆಕ್ಯಾನಿಕ್ಕು ಊಟದ ಹೊತ್ತಿಗೇ ಪೆನ್‌ಡ್ರೈವು ತೆಗೆದುಕೊಂಡು ಬೈಕು ಹತ್ತಿದ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಸಾವ್ಕಾರರು ಮೆಟ್ಟಿಲಿಳಿದು ಬಂದರು. ದೊಡ್ಡಪ್ಪ ಹೋದ ಮೇಲೆ ಅವರು ಕೆಳಗೆ ಬಂದದ್ದು ಅದೇ ಮೊದಲು. ಗಡ್ಡ ಬೆಳೆದಿತ್ತು, ಹಣೆ ಬರಿದಾಗಿತ್ತು. ಕುರ್ಚಿಯ ಮೇಲೆ ಕೂತು ನೀರು ಕೇಳಿದರು. ಅವರ ಮನಸ್ಸು ಸ್ವಲ್ಪ ಹಗುರಾಗಲಿ ಎಂದೋ ಏನೋ, ಅಕ್ಕೋರು ಯಾವಾಗಲೂ ಮಾಡುವ ತಕರಾರನ್ನೇ ತೆಗೆದರು.

"ಇವತ್ತೂ ಒಂದು ಹೆಚ್ಚಿಗಿ ಬಂತು ನೋಡ್ರಿ ಸಾವ್ಕಾರ್ರ. ನಿಮ್ಮ ಶ್ರೀ ನನ್ನ ಬೆನ್ನು ಬಿಡಂಗಿಲ್ಲ."

ಅವರು ತಲೆಯೆತ್ತಿ ನೋಡಿದರು. "ನಾ ಎಲ್ಲಿ ಹಾಕೀನ್ರಿ ಅಕ್ಕೋರ? ಸೂತಕ ಐತಿ. ದೇವರ ಮುಂದ ದೀಪಾನ ಹಚ್ಚಿಲ್ಲ."

ಮೇಲೆ ಫ್ಯಾನು ತಿರುಗುತ್ತಿತ್ತು. ಅಕ್ಕೋರ ಮುಖದ ಬಣ್ಣ ಹೋದದ್ದನ್ನು ನಾನು ನೋಡಿದೆ. ಹಾಗೆ ಬಣ್ಣ ಹೋಗುವುದನ್ನು ಅದಕ್ಕಿಂತ ಮೊದಲು ನಾನು ಎಲ್ಲಿಯೂ ಕಂಡಿರಲಿಲ್ಲ. ಅವರು ಬಹಳ ಸಣ್ಣ ದನಿಯಲ್ಲಿ, ತಮ್ಮನ್ನೇ ಕೇಳಿಕೊಳ್ಳುವವರಂತೆ ಅಂದರು:

"ಹಂಗಾರ ಆ ಒಂದು ಯಾವುದು?"

ಪ್ಯಾಕೇಜಿನ ನಕಲು ನಮ್ಮ ಕಂಪ್ಯೂಟರಿನಲ್ಲಿ ಇತ್ತು. ತೆರೆದು ನೋಡಿದರು. ಶ್ರೀ ಇರಲಿಲ್ಲ. ಅದರ ಜಾಗದಲ್ಲಿ ಇದ್ದದ್ದು ಬಕೆಟ್ಟಿನ ಫೈಲು.

ಬಕೆಟ್ಟಿನ ಫೈಲು ಎಂದರೆ ನಾವೇ ಇಟ್ಟುಕೊಂಡ ಹೆಸರು. ಗಂಗಾವತಿಯಿಂದ ದಿನಾ ಬಸ್ಸಿಗೆ ಬರುತ್ತಿದ್ದ ನಮ್ಮ ಇಂಜಿನಿಯರು, ಪೆಟ್ಟಿಗೆಯನ್ನು ಪರೀಕ್ಷೆ ಮಾಡುವಾಗ ಕ್ಲೋರಿನ್ನಿನ ಬದಲು ಬರೀ ನೀರಿನ ಬಕೆಟ್ಟು ಇಟ್ಟುಕೊಳ್ಳುತ್ತಿದ್ದರು. ಹನಿಹನಿ ಬಿಟ್ಟರೆ ಹೊತ್ತು ಹಿಡಿಯುತ್ತದೆ ಎಂದು, ಸಣ್ಣ ಪಂಪು ನಿಲ್ಲದೆ ಪೂರ್ತಿ ಓಡುವಂತೆ ಒಂದು ಸೆಟ್ಟಿಂಗ್ ಫೈಲು ಬರೆದಿದ್ದರು. ಬಕೆಟ್ಟಿಗೆ ಅದು ಸರಿ. ಊರಿನ ಟಾಕಿಗೆ ಹೋದರೆ ಕ್ಲೋರಿನ್ನು ಹನಿಯಲ್ಲ, ಧಾರೆಯಾಗಿ ಬೀಳುತ್ತಿತ್ತು. ಪೆಟ್ಟಿಗೆ ತನ್ನೊಳಗೆ ಬಂದ ಸೆಟ್ಟಿಂಗ್ ಫೈಲನ್ನೆಲ್ಲ ಓದುತ್ತದೆ, ಯಾದಿಯಲ್ಲಿ ಇದೆಯೋ ಇಲ್ಲವೋ ಕೇಳುವುದಿಲ್ಲ.

ಆಗಿದ್ದು ಇಷ್ಟೇ. ಸೂತಕದಿಂದಾಗಿ ಸಾವ್ಕಾರರು ಹೊಸ ಫೋಲ್ಡರು ತೆರೆದು ಕೊಟ್ಟಿರಲಿಲ್ಲ. ಅವರ ಹೊರತು ಯಾರೂ ತೆರೆದು ರೂಢಿಯಿರಲಿಲ್ಲ. ಇಂಜಿನಿಯರು ಪರೀಕ್ಷೆಯ ಫೋಲ್ಡರನ್ನೇ ನಕಲು ಮಾಡಿಕೊಂಡು ಕೆಲಸ ಮುಂದುವರಿಸಿದ್ದರು. ಒಂದು ಹೋಗಿ ಒಂದು ಬಂದಿತ್ತು, ಲೆಕ್ಕ ಮಾತ್ರ ಎಂದಿನಂತೆಯೇ ಇತ್ತು.

ಅಕ್ಕೋರು ಮೆಕ್ಯಾನಿಕ್ಕಿಗೆ ಫೋನು ಹಚ್ಚಿದರು. ಅವನು ಎತ್ತಿದ. ಗಾಳಿಯ ಸದ್ದಿನ ನಡುವೆ ಅವನ ಮಾತು ನನಗೂ ಕೇಳಿಸಿತು. "ಕೂಡಿಸಿ ಬಂದೇನ್ರಿ ಅಕ್ಕೋರ, ಛಲೋ ನಡದೈತಿ. ನಾ ಈಗ ಕುಷ್ಟಗಿ ದಾಟಿ ಮುಂದ ಹೊಂಟೀನಿ."

ಊರಿಗೆ ನೀರು ಬಿಡುವ ನೀರುಗಂಟಿಗೆ ಹಚ್ಚಿದರೆ ಫೋನು ಬಡಿದುಕೊಂಡು ಬಡಿದುಕೊಂಡು ನಿಂತಿತು. ನಾನು ಅಪ್ಪನಿಗೆ ಹಚ್ಚಿದೆ, ಅಪ್ಪ ಕುಕನೂರಿಗೆ ಬೀಗರ ಮನೆಗೆ ಹೋಗಿದ್ದ. ಅಕ್ಕನ ಫೋನು ಬಂದ್ ಆಗಿತ್ತು. ಬಾಣಂತಿ ಫೋನು ನೋಡಿದರೆ ಕಣ್ಣು ಹಾಳಾಗುತ್ತವೆ ಎಂದು ಅವ್ವ ಅದನ್ನು ಬಂದ್ ಮಾಡಿ ಟ್ರಂಕಿನಲ್ಲಿ ಇಟ್ಟಿದ್ದಳು. ಇದನ್ನು ಕೇಳಿ ಹಿಂದೆ ನಾನು ಅವ್ವನನ್ನು ಚಾಷ್ಟಿ ಮಾಡಿ ನಕ್ಕಿದ್ದೆ...

"ಇವತ್ತು ಊರಿಗೆ ನೀರು ಬಿಡೂ ದಿವಸೇನು?" ಅಕ್ಕೋರು ನನ್ನ ಕಡೆ ತಿರುಗಿ ಕೇಳಿದರು. ನಾನು ಹೌದೆಂದು ಗೋಣು ಹಾಕಿದೆ. ಬೇಸಿಗೆಯಲ್ಲಿ ನಮ್ಮೂರಿಗೆ ವಾರಕ್ಕೊಮ್ಮೆ ನೀರು. ಸಂಜೆ, ಬಿಸಿಲು ಇಳಿದ ಮೇಲೆ. ಅವತ್ತೇ ಪಾಳಿ.

ನಾನು ಫೋನ್ ಹಚ್ಚುತ್ತಲೇ ಇರುತ್ತೇನೆ, ನೀವು ನಡೆಯಿರಿ ಎಂದರು ಸಾವ್ಕಾರರು. ಅಕ್ಕೋರು ಚಪ್ಪಲಿ ಕೂಡ ಸರಿಯಾಗಿ ಮೆಟ್ಟಿಕೊಳ್ಳದೆ ತಮ್ಮ ಸ್ಕೂಟಿ ತೆಗೆದರು. ನಾನು ಹಿಂದೆ ಕೂತೆ. ಬೀಗ ಜಗ್ಗಿ ನೋಡುವ, ಸಂದಿಯಲ್ಲಿ ಎಮ್ಮೆ ಕಂಡರೆ ಗಾಡಿ ನಿಲ್ಲಿಸಿ ಇಳಿಯುವ ಹೆಂಗಸು ಅಂದು ಗಾಡಿ ಹೊಡೆದ ರೀತಿ ನೆನೆದರೆ ಈಗಲೂ ಮೈ ಬೆವರುತ್ತದೆ. ಬಿಸಿಗಾಳಿ ಮುಖಕ್ಕೆ ಬಡಿಯುತ್ತಿತ್ತು. ದಾರಿಯುದ್ದಕ್ಕೂ ಅವರು ಒಂದೇ ಮಾತು ಅನ್ನುತ್ತಿದ್ದರು, "ನಾ ತಗದು ನೋಡಬೇಕಿತ್ತು, ತಗದು ನೋಡಬೇಕಿತ್ತು." ನಾನು ಕೂಸಿನ ಮುಖ ನೆನೆಯದಿರಲು ಹೆಣಗುತ್ತಿದ್ದೆ. ಇರಕಲ್ಲಗಡ ಬಂತು, ಹೋಯಿತು. ಹೊಲದಿಂದ ಮನೆಗೆ ಹೊರಟ ದನಗಳು ದಾರಿಗೆ ಅಡ್ಡ ಬಂದಾಗ ನಾನು ಅಳತೊಡಗಿದೆ.

ಊರ ಅಗಸಿಬಾಗಿಲ ಹತ್ತಿರ ಬರುತ್ತಲೇ ಕೊಡಗಳ ಸದ್ದು ಕೇಳಿಸಿತು. ನಳ ಬಂದಿತ್ತು. ಹೆಂಗಸರು ಪಾಳಿಗೆ ನಿಂತಿದ್ದರು, ತುಂಬಿದವರು ಹೊತ್ತು ನಡೆದಿದ್ದರು. ಗಾಳಿಯಲ್ಲಿ ಅದೇ ಘಾಟು. ಕಣ್ಣು ಉರಿದವು. ಅದು ನಿಜವಾಗಿಯೂ ಅಷ್ಟು ಇತ್ತೋ, ನನ್ನ ಅಂಜಿಕೆಗೆ ಹಾಗೆ ಎನಿಸಿತೋ, ಇವತ್ತಿಗೂ ಹೇಳಲಾರೆ.

ಅಕ್ಕೋರು ನೇರ ಟಾಕಿಯ ಕೆಳಗಿನ ಕೋಣೆಗೆ ಹೋದರು. ನೀರುಗಂಟಿ ಬೀಡಿ ಸೇದುತ್ತ ಕೂತಿದ್ದ. ಫೋನು ಮನೆಯಲ್ಲಿ ಚಾರ್ಜಿಗೆ ಹಾಕಿ ಬಂದಿದ್ದನಂತೆ. ಪಂಚಾಯ್ತಿಯವರು ಹೇಳದೆ ನಾನು ನೀರು ಬಂದ್ ಮಾಡುವುದಿಲ್ಲ ಎಂದು ಅವನು ಎದ್ದು ಅಡ್ಡ ನಿಂತ. ಅಕ್ಕೋರು ಅವನ ತೋಳಿನ ಕೆಳಗೆ ನುಗ್ಗಿ ಪೆಟ್ಟಿಗೆಯ ವಾಯರನ್ನು ಎರಡೂ ಕೈಯಿಂದ ಜಗ್ಗಿ ಕಿತ್ತರು. ಒಳಗಿನ ಸಣ್ಣ ಪಂಪು ಅದುವರೆಗೂ ಜುಯ್ ಅನ್ನುತ್ತಿದ್ದದ್ದು ನಿಂತಿತು. ಕ್ಲೋರಿನ್ನಿನ ಕ್ಯಾನು ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಅದನ್ನು ಕಂಡ ಮೇಲೆ ನೀರುಗಂಟಿಯ ಮುಖವೂ ಸಪ್ಪಗಾಯಿತು, ಅವನೇ ಓಡಿಹೋಗಿ ವಾಲ್ವು ತಿರುವಿದ.

ನಳ ನಿಂತಿತು. ಆದರೆ ನೀರು ಆಗಲೇ ಮನೆಮನೆಗೆ ಹೋಗಿಬಿಟ್ಟಿತ್ತು.

ಆಮೇಲಿನದು ನನಗೆ ತುಂಡುತುಂಡಾಗಿ ನೆನಪಿದೆ. ಅಕ್ಕೋರು ಒಂದು ತುದಿಯಿಂದ ಹಿಡಿದು ಮನೆಮನೆಗೆ ನುಗ್ಗಿದರು. ನೀರಿಗೆ ಔಷಧ ಹೆಚ್ಚಾಗಿ ಬಿದ್ದಿದೆ, ಕುಡಿಯಬೇಡಿರಿ, ಚೆಲ್ಲಿರಿ ಎಂದು ಕೈಮುಗಿದರು. ಔಷಧ ಬಿದ್ದರೆ ಒಳ್ಳೆಯದೇ ಆಯಿತಲ್ಲ ಎಂದು ಒಬ್ಬಳು ನಕ್ಕಳು. ಇನ್ನೊಬ್ಬಳು ಕೊಡದ ಮೇಲೆ ಎರಡೂ ಕೈ ಇಟ್ಟು ಅಡ್ಡ ನಿಂತಳು. "ಚೆಲ್ಲಸಾಕ ನೀವು ಬಂದೀರಿ, ತುಂಬಸಾಕ ಯಾರ ಬರ್ತಾರ?" ಎಂದಳು. ವಾರದ ನೀರು ಅದು. ಅಕ್ಕೋರು ಕೊಡ ಬಾಗಿಸಿದರು. ಬೈಗುಳ ಬಿದ್ದವು. ಯಾರೋ ಅವರ ಸೆರಗು ಹಿಡಿದು ಜಗ್ಗಿದರು. ಅವರು ಪ್ರತಿ ಮನೆಯಲ್ಲೂ ಎಷ್ಟು ತುಂಬಿದ್ದಿರಿ ಎಂದು ಕೇಳಿ, ಅಷ್ಟೂ ಬರಿದಾದವೋ ಇಲ್ಲವೋ ತಾವೇ ಬಗ್ಗಿ ನೋಡಿ, ಮುಂದಿನ ಮನೆಗೆ ಹೋಗುತ್ತಿದ್ದರು. ನಾನು ಹಿಂದೆ ಹಿಂದೆ ಓಡುತ್ತಿದ್ದೆ. ಓಣಿಯ ತುಂಬ ನೀರು ಹರಿದು, ಕೋಳಿಗಳು ಅದರಲ್ಲಿ ಕಾಲೂರಲಾರದೆ ಕಟ್ಟೆ ಹತ್ತಿ ಕೂತಿದ್ದವು.

ನಮ್ಮ ಮನೆಗೆ ಬಂದಾಗ ಹೊತ್ತು ಮುಳುಗುತ್ತಿತ್ತು. ಅವ್ವ ಬಚ್ಚಲ ಒಲೆಯ ಮೇಲೆ ಹಂಡೆ ಇಟ್ಟು ಉರಿ ಹಾಕುತ್ತಿದ್ದಳು. ಪಕ್ಕದಲ್ಲಿ ತುಂಬಿದ ಕೊಡಗಳ ಸಾಲು. ಒಳಗೆ ಕೂಸು ಅಳುತ್ತಿತ್ತು. ಅಕ್ಕೋರು ಹೊಸ್ತಿಲಲ್ಲೇ ನಿಂತು ಕೇಳಿದರು, "ಅವ್ವಾರ, ಕೂಸಿಗೆ ಈ ನೀರು ಕುಡಿಸೀರೇನು?"

"ಇನ್ನೂ ಇಲ್ರಿ, ಈಗ ಕಾಸಾಕ ಇಟ್ಟೀನಿ. ಯಾಕ್ರಿ?"

ನಾನು ವಿಷಯ ಹೇಳಿದೆ. ಅವ್ವ ಸಿಡಿದೆದ್ದಳು. ಬಾಣಂತಿಯಿರುವ ಮನೆಯಿಂದ ದೀಪ ಹಚ್ಚುವ ಹೊತ್ತಿನಲ್ಲಿ ನೀರು ಹೊರಗೆ ಚೆಲ್ಲುವುದೆಂದರೆ ಅವಳ ಲೆಕ್ಕದಲ್ಲಿ ಮನೆಯ ಛಲೋದನ್ನೇ ಹೊರಗೆ ಹಾಕಿದಂತೆ. "ಯವ್ವಾ, ನೀನೂ ಇವರ ಜೋಡಿ ಕೂಡಿ ಬಂದೇನ?" ಎಂದು ನನ್ನನ್ನು ನೋಡಿದಳು. ಅಕ್ಕೋರು ಆಗಲೇ ಹಂಡೆಗೆ ಕೈ ಹಾಕಿದ್ದರು. ಬಿಸಿಗೆ ಕೈ ಸುಟ್ಟಿತು, ಬಿಡಲಿಲ್ಲ. ಒಲೆಯ ಬೂದಿಯ ಮೇಲೆ ನೀರು ಬಿದ್ದು ಮನೆ ತುಂಬ ಹೊಗೆಯೆದ್ದಿತು. ಆಮೇಲೆ ಕೊಡಗಳು, ಒಂದಾದ ಮೇಲೆ ಒಂದು.

"ಮತ್ತೆಲ್ಲೆರೆ ತುಂಬಿಟ್ಟೀರೇನು ಅವ್ವಾರ? ನಿಮ್ಮ ಕಾಲು ಬೀಳ್ತೀನಿ, ಖರೇ ಹೇಳ್ರಿ."

"ಇಷ್ಟ ರೀ" ಎಂದಳು ಅವ್ವ, ಅಳುತ್ತ. "ಬ್ಯಾರೆ ಇಲ್ಲ."

ಅಕ್ಕೋರು ಒಳಗೆ ಬಗ್ಗಿ ತೊಟ್ಟಿಲಲ್ಲಿದ್ದ ಕೂಸನ್ನು ಒಮ್ಮೆ ನೋಡಿದರು. ಮುಟ್ಟಲಿಲ್ಲ. ಹೊರಗೆ ಬಂದು ಕಟ್ಟೆಯ ಮೇಲೆ ಕೂತರು. ಯಾರ ಮನೆಯದೋ ಒಂದು ಖಾಲಿ ಕೊಡ ಅವರ ಕೈಯಲ್ಲಿ ಹಾಗೇ ಉಳಿದಿತ್ತು...

ಅವತ್ತು ಊರಲ್ಲಿ ದೊಡ್ಡದೇನೂ ಆಗಲಿಲ್ಲ. ಕೆಲವರಿಗೆ ಕಣ್ಣು ಉರಿದವು, ಒಬ್ಬ ಮುದುಕ ವಾಂತಿ ಮಾಡಿಕೊಂಡ. ಅವನು ಮೊದಲೂ ಮಾಡಿಕೊಳ್ಳುತ್ತಿದ್ದ ಎಂದು ಅವನ ಸೊಸೆಯೇ ಹೇಳಿದಳು. ಟಾಕಿಯನ್ನು ಪೂರ್ತಿ ಬರಿದು ಮಾಡಿ ತೊಳೆದದ್ದರಿಂದ ಆ ನೀರಿನಲ್ಲಿ ಎಷ್ಟು ಕ್ಲೋರಿನ್ ಇತ್ತು ಎಂದು ಅಳೆಯಲು ಏನೂ ಉಳಿದಿರಲಿಲ್ಲ. ಆದರೆ ಊರಿನ ಸಿಟ್ಟು ಉಳಿದಿತ್ತು. ಸಾವ್ಕಾರರು ಟ್ಯಾಂಕರಿನಲ್ಲಿ ನೀರು ತರಿಸಿ ಕೊಟ್ಟರು. ಆದರೂ ಸುತ್ತಲಿನ ಹಳ್ಳಿಗಳಿಗೆ ಸುದ್ದಿ ಹೋಗಿ, ನಮ್ಮ ಪೆಟ್ಟಿಗೆ ಬೇಡವೇ ಬೇಡ ಎಂದವರು ಎಷ್ಟೋ ಮಂದಿ.

ಸೂತಕ ಕಳೆದ ಮೇಲೆ ಸಾವ್ಕಾರರು ಅಕ್ಕೋರನ್ನು ಕರೆದು ಮಾತಾಡಿದರು. ಕೆಟ್ಟ ಮನುಷ್ಯರಲ್ಲ ಅವರು, ಆದರೆ ವ್ಯಾಪಾರ ಮುಳುಗುತ್ತಿದ್ದ ಹೊತ್ತು. "ಒಬ್ಬರಿಗೂ ಏನೂ ಆಗಿಲ್ರಿ ಅಕ್ಕೋರ. ವಾಲ್ವ್ ಬಂದ್ ಮಾಡಿ ಸುಮ್ಮನ ಬರಬೇಕಿತ್ತು. ಊರೆಲ್ಲ ಡಂಗುರ ಹೊಡದು ಬಂದ್ರಿ" ಎಂದರು. ಅಕ್ಕೋರು ಸುಟ್ಟ ಕೈಗೆ ಬಟ್ಟೆ ಸುತ್ತಿಕೊಂಡು ನಿಂತಿದ್ದರು. "ಎಲ್ಲಾ ಕೊಡ ಚೆಲ್ಲಿಸೀನಿ, ಅದಕ್ಕ ಆಗಿಲ್ರಿ" ಎಂದರು. ಆ ತಿಂಗಳೇ ಕೆಲಸ ಬಿಟ್ಟು ಕುಷ್ಟಗಿಗೆ, ತಮ್ಮನ ಮನೆಗೆ ಹೋದರು. ಅವರು ಹೋದ ಮೇಲೆ ಸಾವ್ಕಾರರು ಶ್ರೀಯನ್ನು ಯಾದಿಯ ಮೊದಲ ಸಾಲಿನಲ್ಲಿ ತಾವೇ ಬರೆಸಿದರು.

ಕುಷ್ಟಗಿಗೆ ಹೋದಾಗಲೆಲ್ಲ ನಾನು ಅವರನ್ನು ಕಂಡು ಬರುತ್ತಿದ್ದೆ. ಅವರ ಅಂಜಿಕೆ ಮೊದಲು ಹೆಚ್ಚಾಗಿ ಆಫೀಸಿನ ಕೆಲಸದಲ್ಲಿ ಇತ್ತು, ಈಗ ಮನೆ ತುಂಬ ಆಗಿತ್ತು. ಒಂದು ಲೋಟ ನೀರು ಕೊಟ್ಟರೆ ಮೂಸಿ ನೋಡಿ ಕುಡಿಯುತ್ತಿದ್ದರು. ತಮ್ಮನ ಮಕ್ಕಳು ಕುಡಿಯುವ ಮೊದಲು ತಾವು ಕುಡಿದು, ಸ್ವಲ್ಪ ಹೊತ್ತು ಸುಮ್ಮನೆ ಕೂತು, ಆಮೇಲೆ ಕೊಡುತ್ತಿದ್ದರು. ಮನೆಯವರಿಗೂ ಸಾಕಾಗಿತ್ತು. ನನ್ನನ್ನು ಕಂಡೊಡನೆ ಕೇಳುವ ಮಾತು ಒಂದೇ. "ಕೂಸು ಹೆಂಗೈತಿ?"

"ಛಲೋ ಐತ್ರಿ ಅಕ್ಕೋರ" ಅನ್ನುತ್ತಿದ್ದೆ. ನಿಂತಿತು ಅನ್ನುತ್ತಿದ್ದೆ, ನಡೆಯಿತು ಅನ್ನುತ್ತಿದ್ದೆ, ಸಾಲಿಗೆ ಹೋಯಿತು ಅನ್ನುತ್ತಿದ್ದೆ. ಆಗ ಅವರ ಮುಖ ಸ್ವಲ್ಪ ಸಡಿಲಾಗುತ್ತಿತ್ತು. "ಒಂದೂ ಉಳಿಸಿದ್ದಿಲ್ಲ ತಂಗಿ. ಒಂದೊಂದು ಮನಿ ನೋಡಿದ್ದೆ" ಎಂದು ಮೆಲ್ಲಗೆ ಹೇಳಿಕೊಳ್ಳುತ್ತಿದ್ದರು. ಕೆಲಸ ಹೋಯಿತು, ಮಾನ ಹೋಯಿತು, ನಿದ್ದೆಯೂ ಹೋಗಿತ್ತೇನೋ. ಆದರೆ ಅದೊಂದು ಮಾತು ಅವರ ಕೈಯಲ್ಲಿ ಇತ್ತು, ಅದನ್ನೇ ಹಿಡಿದುಕೊಂಡು ಇದ್ದರು.

ಹೋದ ವರ್ಷ ಎದೆನೋವಿನಿಂದ ತೀರಿಕೊಂಡರು. ನಾನು ಹೋಗುವಷ್ಟರಲ್ಲಿ ಮಣ್ಣು ಮುಗಿದಿತ್ತು.

ಅಲ್ಲಿಂದ ನೇರ ಊರಿಗೆ ಹೋದೆ. ಮೈ ತೊಳೆದುಕೊಂಡು ಬಂದು ಕಟ್ಟೆಯ ಮೇಲೆ ಕೂತೆ. ಅವ್ವ ಚಹಾ ತಂದು ಕೊಟ್ಟು ಪಕ್ಕದಲ್ಲಿ ಕೂತಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಪಾಪ, ಭಾಳ ಅಂಜಿದ್ಲು ಆ ಹೆಣ್ಣಮಗಳು" ಎಂದಳು. ಮತ್ತೆ ತಡೆದು ತಡೆದು ಅಂದಳು:

"ಆ ಹೊಗಿಯಾಗ ಒಂದು ಕೊಡ ನಾ ಮುಚ್ಚಿಟ್ಟಿದ್ನವಾ. ತೊಟ್ಟಿಲ ಹಿಂದ, ಕೌದಿ ಮುಚ್ಚಿ. ಬಾಣಂತಿ ಮನ್ಯಾಗ ಒಂದು ಹನಿ ನೀರಿಲ್ದ ಹೆಂಗ ಮಾಡ್ಲಿ? ಮರುದಿನ ಮುಂಜಾನೆ ಕೂಸಿಗೆ ಅದರಾಗ ಎರದೆ. ಕುದಿಸಿ ಎರಡು ಚಮಚ ಕುಡಿಸಿದೆ ಖರೆ. ಏನಾತು ಹೇಳು? ಏನೂ ಆಗಲಿಲ್ಲ."

ಚಹಾ ನನ್ನ ಕೈಯಲ್ಲಿ ಆರಿತು. ಅವ್ವ ತಪ್ಪು ಮಾಡಿದಳೆಂದು ಬೈಯಲು ನಾಲಿಗೆ ಬರಲಿಲ್ಲ. ಏನೂ ಆಗಲಿಲ್ಲ ಎಂದರೆ ಆ ನೀರಿನಲ್ಲಿ ಅಷ್ಟೇನೂ ಇರಲಿಲ್ಲವೆಂದೇ? ಹಾಗಾದರೆ ಅಕ್ಕೋರು ಇಡೀ ಊರಿನ ಬೈಗುಳ ತಿಂದು, ಕೈ ಸುಟ್ಟುಕೊಂಡು, ಕೆಲಸ ಕಳೆದುಕೊಂಡದ್ದು ಬರೀ ಅಂಜಿಕೆಗೇ? ಅಥವಾ ಇತ್ತು, ಕೂಸು ಹೇಗೋ ಉಳಿಯಿತು ಎಂದೇ? ಎರಡರಲ್ಲಿ ಯಾವುದು ಎಂದು ನನಗೆ ಯಾರೂ ಹೇಳಲಾರರು. ಎರಡನ್ನೂ ನೆನೆದರೆ ಭಯವಾಗುತ್ತದೆ.

ಅಂಗಳದಲ್ಲಿ ಅಕ್ಕನ ಮಗಳು ಕುಂಟಾಟ ಆಡುತ್ತಿದ್ದಳು. ಕರೆದೆ. ಓಡಿ ಬಂದಳು, ಬೆವರಿದ್ದಳು, ಉಸಿರು ಏರಿಳಿಯುತ್ತಿತ್ತು. ಅವಳ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ ಕಣ್ಣು ನೋಡಿದೆ. ಬಾಯಿ ತೆರೆಸಿ ಗಂಟಲು ನೋಡಿದೆ. ಬೆನ್ನಿನ ಮೇಲೆ ಕಿವಿಯಿಟ್ಟು ಉಸಿರು ಕೇಳಿದೆ.

"ಏನ ನೋಡಾಕತ್ತಿ ಚಿಗವ್ವ?" ಎಂದಳು.

ಏನಿಲ್ಲ ಎಂದು ಕಳಿಸಿದೆ. ಅವಳು ಮತ್ತೆ ಆಟಕ್ಕೆ ಓಡಿದಳು. ಅಕ್ಕೋರು ಇನ್ನೂ ಇದ್ದಿದ್ದರೆ, ಮುಂದಿನ ಸಲ ಕುಷ್ಟಗಿಗೆ ಹೋದಾಗ ಅವರು ಕೇಳುತ್ತಿದ್ದರು, ನಾನು ಛಲೋ ಐತಿ ಅನ್ನುತ್ತಿದ್ದೆ, ಕೊಡದ ವಿಷಯ ಹೇಳುತ್ತಲೇ ಇರಲಿಲ್ಲ. ಈಗ ಮುಚ್ಚಿಡುವ ಅಗತ್ಯವೂ ಇಲ್ಲ, ಯಾರ ಮುಂದೆ ಮುಚ್ಚಿಡಲಿ. ಕೂಸು ಹೆಂಗೈತಿ ಎಂದು ಅಂಜಿಕೊಂಡು ಕೇಳುವವಳು ಇನ್ನು ನಾನೊಬ್ಬಳೇ.